ಬಾಗಿಲಲ್ಲಿ ಇಟ್ಟುಹೋದ ಕ್ಯಾನು

ನೀರಿನ ಕ್ಯಾನ್ ತರುವ ಹುಡುಗ ಅದನ್ನು ಹೊಸಿಲಾಚೆಯೇ ಇಟ್ಟು ಹೋಗಿದ್ದ. ಒಳಗೆ ತರೋಣವೆಂದು ಬಗ್ಗಿದೆ, ಅಷ್ಟೆ. ಅಡುಗೆಮನೆಯಿಂದ ಕೂಗು ಬಂತು: "ರೀ, ಮುಟ್ಟಬೇಡಿ ಅದನ್ನ! ಬಿಪಿ ಇದೆ ನಿಮಗೆ." 20 ಲೀಟರ್ ಅಂದರೆ 20 ಕೆಜಿ. ಬಿಪಿ ಮಾತ್ರೆ ನುಂಗುವ ಅರವತ್ತೆಂಟರ ಮನುಷ್ಯ ಅದನ್ನು ಎತ್ತಬಹುದೆ, ಎತ್ತಬಾರದೆ? ನೀವೇ ಹೇಳಿ. ಅವಸರವಿಲ್ಲ, ಕೂತ್ಕೊಳ್ಳಿ, ಕಾಫಿ ಬರುತ್ತೆ.

ನಮ್ಮಮ್ಮನ ನೆನಪಾಯಿತು. ನಾವಿದ್ದ ರಾಜಾಜಿನಗರದ ಬಡಾವಣೆ ಶುರುವಾದದ್ದು 1949ರಲ್ಲಿ, ಪಕ್ಕದಲ್ಲೇ ಕೈಗಾರಿಕಾ ಬಡಾವಣೆ. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಕಬ್ಬಿಣ ಎತ್ತಿದರೆ, ಅಮ್ಮ ಮನೆಯಲ್ಲಿ ಗುಂಡುಕಲ್ಲು ತಿರುಗಿಸುತ್ತಿದ್ದಳು. ಇಡ್ಲಿ ಹಿಟ್ಟಿಗೆ ಮುಕ್ಕಾಲು ಗಂಟೆ, ಎಡಗೈ ದಣಿದರೆ ಬಲಗೈ. ಮಿಕ್ಸಿ ಬಂದ ವರ್ಷ ಅವಳ ತೋಳು ಸಣ್ಣಗಾಯಿತು. ಅದನ್ನು ಯಾರೂ ಕಾಯಿಲೆ ಅನ್ನಲಿಲ್ಲ, "ವಯಸ್ಸಾಯಿತು" ಅಂದರು. ಆ ಮಾತು ನನಗೆ ಇವತ್ತಿಗೂ ಸಂಕಟ.

ನಮ್ಮ ಬೆಂಗಳೂರಿಗೆ ಭಾರ ಎತ್ತುವುದೇನು ಹೊಸದೆ? ಗರಡಿಮನೆಗಳಲ್ಲಿ ಸಾಮು ಮಾಡುತ್ತಿದ್ದರು, ಗದೆ ತಿರುಗಿಸುತ್ತಿದ್ದರು. ಆಮೇಲೆ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿ ಸೂರ್ಯನಮಸ್ಕಾರವನ್ನೂ ಕಬ್ಬಿಣದ ಗುಂಡುಗಳನ್ನೂ ಜೊತೆಜೊತೆಗೇ ಕಲಿಸಿದರು, ದೂರದವರಿಗೆ ಅಂಚೆಯಲ್ಲೂ ಪಾಠ ಕಳಿಸಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದವರು ಅವರೇ, ನಾಟಕಕಾರ ಕೈಲಾಸಂ ಅವರ ಆಪ್ತ ಗೆಳೆಯರು. ತೋಳಿಗೂ ಲೇಖನಿಗೂ ಜಗಳವಿಲ್ಲದ ಕಾಲ ಅದು. ಇರಲಿ, ಎಲ್ಲಿಗೋ ಹೋದೆ.

ನಮ್ಮ ಮನೆಯವರ ಭಯ ಸುಳ್ಳಲ್ಲ. 1985ರಲ್ಲಿ ಕೆನಡಾದ ಸಂಶೋಧಕರು ಪೈಲ್ವಾನರಂಥ ಐವರ ತೋಳಿನ ರಕ್ತನಾಳಕ್ಕೇ ನಳಿಕೆ ಹಾಕಿ, ಅವರು ಎರಡೂ ಕಾಲಿನಿಂದ ಭಾರ ನೂಕುವಾಗ ಒತ್ತಡ ಅಳೆದರು. ಸರಾಸರಿ 320/250! ಒಬ್ಬರಲ್ಲಂತೂ 480/350. ಹೃದಯಕ್ಕೆ ಗಾಬರಿಯಾಗುತ್ತದೆ ಅಲ್ಲವೆ? ಆದರೆ ಅವರು ಇನ್ನಾಗದು ಅನ್ನುವವರೆಗೆ ನೂಕಿದ್ದರು, ಉಸಿರು ಕಟ್ಟಿದ್ದರು. ಭಾರ ಇಳಿಸಿದ ಕೆಲವೇ ಕ್ಷಣಗಳಲ್ಲಿ ಒತ್ತಡವೂ ಇಳಿಯಿತು. ಬಿಗಿದ ಸ್ನಾಯು ರಕ್ತನಾಳವನ್ನು ಹಿಂಡುತ್ತದೆ, ಕಟ್ಟಿದ ಉಸಿರು ಎದೆಯೊಳಗೆ ಒತ್ತುತ್ತದೆ, ಎರಡೂ ಸೇರಿದಾಗ ಬಿಪಿಯ ಮುಳ್ಳು ಹಾರುತ್ತದೆ.

ಫಿಸಿಯೋಥೆರಪಿ ಓದಿರುವ ತಮ್ಮನ ಮಗಳು ಹೇಳಿದ್ದೂ ಇದನ್ನೇ: "ದೊಡ್ಡಪ್ಪ, ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳ್ಕೊಳ್ಳಿ. ಜೋರಾಗಿ ಎಣಿಸಿ, ಎಣಿಸೋರು ಉಸಿರು ಕಟ್ಟೋಕಾಗಲ್ಲ." ಬಿಪಿ 180/110 ದಾಟಿದ ದಿನ ಮಾತ್ರ ಏನೂ ಬೇಡ, ನೇರ ಡಾಕ್ಟರ ಹತ್ತಿರ. ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹೊಡೆಯುವಾಗ ಅಜ್ಜಿ ನಮ್ಮನ್ನು ಜೋರಾಗಿ ಎಣಿಸುವಂತೆ ಮಾಡುತ್ತಿದ್ದುದು ನೆನಪಾಗಿ ಕಣ್ಣು ತುಂಬಿತು.

ಇನ್ನೊಂದು ಮಾತು. 2023ರಲ್ಲಿ ಸಂಶೋಧಕರು 270 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಭಾರ ಎತ್ತುವ ವ್ಯಾಯಾಮದಿಂದ ಮೇಲಿನ ಬಿಪಿ ಸುಮಾರು 4.5 ಇಳಿದಿತ್ತು, ನಡಿಗೆ ಓಟಗಳಂಥವುಗಳಿಂದಲೂ ಹೆಚ್ಚುಕಡಿಮೆ ಅಷ್ಟೇ. ಅಲುಗಾಡದೆ ಬಿಗಿಹಿಡಿಯುವ ವ್ಯಾಯಾಮದಿಂದ 8ಕ್ಕೂ ಹೆಚ್ಚು! ಅದರಲ್ಲಿ ಒಂದು ಯಾವುದು ಗೊತ್ತೆ? ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂರುವುದು. ನಮ್ಮ ಸ್ಕೂಲಿನಲ್ಲಿ ಮಗ್ಗಿ ತಪ್ಪಿದವರಿಗೆ ಕೊಡುತ್ತಿದ್ದ ಶಿಕ್ಷೆ ಅದು! ಎರಡೆರಡು ನಿಮಿಷ ನಾಲ್ಕು ಸಲ, ನಡುವೆ ವಿರಾಮ, ವಾರಕ್ಕೆ ಮೂರು ದಿನ. ಈ ಲೆಕ್ಕ ಎಲ್ಲ ವಯಸ್ಸಿನ ದೊಡ್ಡವರದ್ದು, ನಮ್ಮಂಥವರಿಗೇ ಮೀಸಲಾದದ್ದಲ್ಲ. ಹಾಗಾಗಿ ನಾನು ಅರ್ಧ ನಿಮಿಷದಿಂದ ಶುರು ಮಾಡಿದೆ, ಅದೂ ಡಾಕ್ಟರನ್ನು ಕೇಳಿಕೊಂಡು. ಮಾತ್ರೆ ಮಾತ್ರ ಬಿಟ್ಟಿಲ್ಲ.

ವಿಜಯನಗರದ ಪಾರ್ಕಿನಲ್ಲಿ ಸೀರೆ, ಸ್ವೆಟರು, ಕ್ಯಾನ್‌ವಾಸ್ ಶೂ ತೊಟ್ಟ ಹೆಂಗಸೊಬ್ಬರು ಕಬ್ಬಿಣದ ಹಿಡಿ ನೂಕುತ್ತ "ಹನ್ನೊಂದು, ಹನ್ನೆರಡು" ಎಂದು ಎಣಿಸುವುದನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ. ನಮ್ಮ ಮನೆಯವರನ್ನೂ ಒಂದಿನ ಕರೆದೊಯ್ದೆ. ಈಗ ಸಂಜೆ ಇಬ್ಬರೂ ಕ್ಯಾಲೆಂಡರಿನ ಕೆಳಗೆ ಗೋಡೆಗೆ ಒರಗಿ ಕೂರುತ್ತೇವೆ.

ಕ್ಯಾನು? ಇವತ್ತಿಗೆ ಇಬ್ಬರೂ ಒಂದೊಂದು ಕಡೆ ಹಿಡಿದು, ಎಣಿಸುತ್ತಲೇ ಒಳಗಿಟ್ಟೆವು. ಕಾಫಿ ಬಂತು ನೋಡಿ, ತಗೊಳ್ಳಿ.