ಬಲಗಡೆಯ ಪುಟ

ಧಾರವಾಡದಲ್ಲಿ ನಮ್ಮದು ಎರಡು ತಲೆಮಾರಿನ ಪುಸ್ತಕದಂಗಡಿ. ಅಪ್ಪ 1974ರಲ್ಲಿ ಶುರು ಮಾಡಿದ್ದು. ಹತ್ತಡಿ ಅಗಲದ ಜಾಗ, ಮೇಲೊಂದು ಅಟ್ಟ. ಹೊಸ ಪುಸ್ತಕದ ಕಟ್ಟು ಬಂದರೆ ಅಪ್ಪ ಮೊದಲು ಒಂದು ಪ್ರತಿ ತೆಗೆದು ಗಲ್ಲೆಯ ಪಕ್ಕ ಇಟ್ಟುಕೊಳ್ಳುತ್ತಿದ್ದರು. ತಾವು ಓದಿ ಮುಗಿಸುವವರೆಗೆ ಆ ಪುಸ್ತಕದ ಬಗ್ಗೆ ಗಿರಾಕಿಗಳ ಮುಂದೆ ಬಾಯಿ ಬಿಡುತ್ತಿರಲಿಲ್ಲ.

ಅವರದೊಂದು ಉದ್ರಿ ವಹಿ ಇತ್ತು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಎಡಗಡೆಯ ಪುಟದಲ್ಲಿ ಯಾರ ಬಾಕಿ ಎಷ್ಟು ಎಂಬ ಲೆಕ್ಕ. ಬಲಗಡೆಯ ಪುಟದಲ್ಲಿ ಅದೇ ಗಿರಾಕಿ ಏನೇನು ಓದಿದ್ದಾರೆ, ಮುಂದೆ ಅವರಿಗೆ ಏನು ಕೊಡಬೇಕು ಎಂಬ ಟಿಪ್ಪಣಿ. "ಕಂಪೌಂಡರ್ ಸಾಹೇಬರು: ಕಾರಂತರವು ಬಹುತೇಕ ಆದವು. ಇನ್ನು 'ಗ್ರಾಮಾಯಣ' ಕೊಡುವುದು. ಅವಸರ ಮಾಡಬಾರದು." ಹೀಗೆ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದ ಸೀಮೆ ನಮ್ಮದು. 1933ರಲ್ಲಿ ಮನೋಹರ ಗ್ರಂಥಮಾಲೆ ಹುಟ್ಟಿದ ಮೇಲೆ ಜಿ.ಬಿ. ಜೋಶಿಯವರು ಚಂದಾದಾರರನ್ನು ಕೂಡಿಸಿಕೊಂಡು ಅದನ್ನು ನಡೆಸಿದ ಊರು ಇದು. ಅಪ್ಪ ಈ ಎರಡನ್ನೂ ನೆನಸಿ ಹೇಳುತ್ತಿದ್ದರು: "ಗಿರಾಕಿ ಬರಲಿ ಅಂತ ಕೂಡೂದಲ್ಲೋ ತಮ್ಮಾ. ಪುಸ್ತಕಕ್ಕ ಗಿರಾಕೀನ್ನ ಹುಡುಕಬೇಕು."

2003ರಲ್ಲಿ ಅಪ್ಪ ತೀರಿಕೊಂಡರು. ಅಂಗಡಿ ನನ್ನ ಕೈಗೆ ಬಂತು. ವಹಿಯ ಎಡಗಡೆಯನ್ನು ನಾನು ಚೊಕ್ಕವಾಗಿ ಮುಂದುವರಿಸಿದೆ. ಬಲಗಡೆ ಖಾಲಿ ಬಿಟ್ಟೆ.

ಇದಕ್ಕೆ ನಾನು ಕೊಡುತ್ತಿದ್ದ ಕಾರಣ ಒಂದೇ, ಹೊಟ್ಟೆಪಾಡು. ಸಾಹಿತ್ಯದ ಪುಸ್ತಕಕ್ಕೆ ನನಗೆ ಸಿಗುತ್ತಿದ್ದುದು ಶೇ. 25, ಹೆಚ್ಚೆಂದರೆ 30 ಕಮಿಷನ್. ಗೈಡು, ನೋಟ್‌ಬುಕ್ಕು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಅದಕ್ಕಿಂತ ಹೆಚ್ಚು. ಮೇ-ಜೂನ್ ಎರಡು ತಿಂಗಳು ದುಡಿದರೆ ವರ್ಷದ ಬಾಡಿಗೆ ಎದ್ದು ಬರುತ್ತಿತ್ತು. ಕಾದಂಬರಿ, ಕವನದ ಕಪಾಟುಗಳು ಒಂದೊಂದಾಗಿ ಅಟ್ಟ ಹತ್ತಿದವು. ಅವುಗಳ ಜೊತೆ ನನ್ನ ಓದೂ ಹೋಯಿತು. ಬೆನ್ನುಡಿ ನೋಡಿ, ಮುಖಪುಟ ನೋಡಿ ಮಾರುವುದನ್ನು ರೂಢಿ ಮಾಡಿಕೊಂಡೆ. ಹದಿನೈದು ವರ್ಷದಲ್ಲಿ ನಾನು ಪೂರ್ತಿ ಓದಿದ ಪುಸ್ತಕಗಳನ್ನು ಎರಡು ಕೈಬೆರಳಿನಲ್ಲಿ ಎಣಿಸಬಹುದಿತ್ತು.

ಇದು ತಪ್ಪು ಎಂದು ಮೊದಲು ಗೊತ್ತಾಗಬೇಕಿದ್ದುದು 2019ರ ಜನವರಿಯಲ್ಲಿ. ಧಾರವಾಡದಲ್ಲೇ 84ನೆಯ ಸಾಹಿತ್ಯ ಸಮ್ಮೇಳನ, ಕಂಬಾರರು ಅಧ್ಯಕ್ಷರು. ಸಾಲ ಮಾಡಿ ಪುಸ್ತಕ ತರಿಸಿ ನಾನೂ ಒಂದು ಮಳಿಗೆ ಹಾಕಿದೆ. ಮೂರು ದಿನ ಜಾತ್ರೆಯ ಹಾಗೆ ಜನ. ಪಕ್ಕದ ಮಳಿಗೆಯಾತ ಪ್ರತಿ ಪುಸ್ತಕಕ್ಕೂ ಎರಡು ಮಾತು ಹೇಳುತ್ತಿದ್ದ, ಜನ ನಿಂತು ಕೇಳುತ್ತಿದ್ದರು, ಕೊಳ್ಳುತ್ತಿದ್ದರು. ನನ್ನ ಮುಂದೆ ನಿಂತವರು "ಇದು ಹೆಂಗದರೀ?" ಎಂದರೆ ನಾನು ಹೇಳುತ್ತಿದ್ದುದು ರಿಯಾಯಿತಿ ಎಷ್ಟು ಎಂದು. ಕಟ್ಟಿದ ಕಟ್ಟು ಕಟ್ಟಿದ ಹಾಗೇ ಹಲವು ವಾಪಸು ಬಂದವು. ಮಳಿಗೆ ಮೂಲೆಯಲ್ಲಿತ್ತು, ಅದಕ್ಕೇ ಹೀಗಾಯಿತು ಎಂದು ಮನೆಯಲ್ಲಿ ಹೇಳಿದೆ. ನಾನೂ ಅದನ್ನೇ ನಂಬಿದೆ.

ಅದೇ ವರ್ಷ ಜುಲೈನಲ್ಲಿ, ಜಿಟಿಜಿಟಿ ಮಳೆಯ ಒಂದು ಸಂಜೆ, ಒಬ್ಬ ಹಿರಿಯರು ಬಂದರು. ಪ್ರಾಥಮಿಕ ಶಾಲೆಯ ನಿವೃತ್ತ ಮಾಸ್ತರರು. ಕೊಡೆಯನ್ನು ಹೊರಗೇ ಮಡಚಿ, ನೀರು ಝಾಡಿಸಿ, ಬಾಗಿಲಲ್ಲಿ ಊರಿಟ್ಟು ಒಳಗೆ ಬಂದರು. ಪುಸ್ತಕಕ್ಕೆ ಹನಿ ತಾಗಬಾರದೆಂದು. "ಮನಿಯೊಳಗ ಮಾತಾಡಾಕ ಯಾರೂ ಇಲ್ರಿ. ನಮ್ಮಾಕಿ ಹೋಗಿ ಮೂರು ತಿಂಗಳಾತು. ಹೋದವರನ್ನ ನೆನಸೂ ಹಂತಾ ಪುಸ್ತಕ ಒಂದು ಇದ್ದರ ಕೊಡ್ರಿ" ಅಂದರು.

ಎದುರಿಗೇ ಆ ವಾರ ಹೆಚ್ಚು ಕಮಿಷನ್ನಿಗೆ ಬಂದಿದ್ದ ಪುಸ್ತಕಗಳ ರಾಶಿ ಇತ್ತು. ದುಃಖ ಗೆದ್ದು ಯಶಸ್ಸು ಪಡೆಯುವುದು ಹೇಗೆ ಎಂಬಂಥವು. ಒಂದನ್ನು ತೆಗೆದು ಕೈಗಿಟ್ಟೆ. ಅವರು ಪುಟ ತಿರುವಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು: "ನೀವು ಓದೀರೇನ್ರಿ ಇದನ್ನ?"

"ಹೂಂ ಓದೀನ್ರಿ. ಭಾಳ ಚಲೋ ಅದ" ಎಂದೆ.

ಎಂಟು ದಿನ ಬಿಟ್ಟು ಮತ್ತೆ ಬಂದರು. ಪುಸ್ತಕಕ್ಕೆ ಹಳೆಯ ಪೇಪರಿನ ರಟ್ಟು ಹಾಕಿದ್ದರು. ಮಕ್ಕಳ ಪಠ್ಯಪುಸ್ತಕಕ್ಕೆ ಹಾಕುವಂತೆ, ನಾಲ್ಕೂ ಮೂಲೆ ಒಳಗೆ ಮಡಚಿ. ಅದನ್ನು ಗಲ್ಲೆಯ ಮೇಲಿಟ್ಟು, "ರೊಕ್ಕ ಬ್ಯಾಡ್ರಿ. ಮೂವತ್ತಾರು ವರ್ಷ ಮಾಸ್ತರಕಿ ಮಾಡೀನಿ. ಓದದ ಹುಡುಗ ಓದೀನಿ ಅಂದ್ರ ನಮಗ ಗೊತ್ತಾಗ್ತದ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕೊಡೆ ತೆಗೆದುಕೊಂಡು ಹೋದರು. ನನಗೆ ಒಂದು ಮಾತೂ ಬರಲಿಲ್ಲ.

ಆಗಸ್ಟಿನಲ್ಲಿ ಉತ್ತರ ಕರ್ನಾಟಕದ ತುಂಬ ಆ ದೊಡ್ಡ ಮಳೆ ಹಿಡಿಯಿತು. ಸೋರುವ ಸದ್ದು ಕೇಳಿ ಅಟ್ಟ ಹತ್ತಿದೆ. ಎಷ್ಟೋ ವರ್ಷದ ಮೇಲೆ ಹತ್ತಿದ್ದು. ಗೋಡೆಯಿಂದ ಕಟ್ಟಿನವರೆಗೆ ಗೆದ್ದಲಿನ ಮಣ್ಣಿನ ದಾರಿ. ಒಂದು ಕಟ್ಟಿನ ದಾರ ಎಳೆದೆ. ಮೇಲಿನ ಪುಸ್ತಕದ ಬೆನ್ನು ಗಟ್ಟಿಯಾಗಿಯೇ ಇತ್ತು, ಹೆಸರೂ ಓದಲು ಬರುತ್ತಿತ್ತು. ತೆರೆದರೆ ಒಳಗೆ ಹಾಳೆಯೇ ಇಲ್ಲ. ಜೇನುಹುಟ್ಟಿನಂತೆ ತೂತು, ಒದ್ದೆ ಮಣ್ಣಿನ ವಾಸನೆ. ಅಪ್ಪ ಒಬ್ಬೊಬ್ಬರಿಗಾಗಿ ತರಿಸಿಟ್ಟಿದ್ದ ಪುಸ್ತಕಗಳು. ಅಪ್ಪನ ಹಳೆಯ ವಹಿಯೂ ಅಲ್ಲೇ ಇತ್ತು. ಕೆಳಗಿನ ಅರ್ಧ ಹೋಗಿತ್ತು. ಉಳಿದದ್ದನ್ನು ಕೆಳಗೆ ತಂದು ಬಲಗಡೆಯ ಪುಟಗಳನ್ನು ರಾತ್ರಿಯೆಲ್ಲ ಓದಿದೆ. ಊರಿನ ಜನರ ಓದು ಅಪ್ಪನಿಗೆ ಎಷ್ಟು ಗೊತ್ತಿತ್ತೆಂದು ನನಗೆ ತಿಳಿದದ್ದು ಅಂದು. ಅವರು ಸತ್ತು ಹದಿನಾರು ವರ್ಷದ ಮೇಲೆ.

ಅಟ್ಟದಲ್ಲಿ ಗೆದ್ದಲು ಮುಟ್ಟದೆ ಉಳಿದ ಕೆಲವು ಪುಸ್ತಕಗಳಲ್ಲಿ ಕಾರಂತರ 'ಅಳಿದ ಮೇಲೆ' ಇತ್ತು. 1960ರಲ್ಲಿ ಬಂದ ಕಾದಂಬರಿ. ಎಷ್ಟು ಪ್ರತಿ ಮಾರಿದ್ದೇನೋ ಲೆಕ್ಕವಿಲ್ಲ, ಓದಿದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಆಗ. ರೈಲಿನಲ್ಲಿ ಪರಿಚಯವಾಗಿ ಗೆಳೆಯರಾದ ಯಶವಂತರಾಯರು ತೀರಿಕೊಂಡ ಮೇಲೆ, ಅವರು ಬಿಟ್ಟುಹೋದ ಬರಹಗಳನ್ನು ಹಿಡಿದು ಕತೆ ಹೇಳುವಾತ ಅವರ ಬದುಕನ್ನು ಹುಡುಕಿಕೊಂಡು ಹೋಗುತ್ತಾನೆ. ಒಬ್ಬ ಮನುಷ್ಯ ಹೋದ ಮೇಲೆ ಅವನನ್ನು ಅರಿಯುವುದು ಹೇಗೆ ಎಂಬುದೇ ಇಡೀ ಪುಸ್ತಕ. ಆ ಮಳೆಯ ಸಂಜೆ ಮಾಸ್ತರರು ಕೇಳಿದ್ದು ಇದನ್ನೇ. ಅವರ ತಲೆಯಿಂದ ಹತ್ತಡಿ ಮೇಲೆ ಇತ್ತು.

ಆಮೇಲೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅರ್ಧ ಶಟರ್ ಎತ್ತಿ, ಹತ್ತರವರೆಗೆ ಓದುತ್ತೇನೆ. ಮೊದಲ ತಿಂಗಳು ನಾಲ್ಕು ಪುಟಕ್ಕೇ ಕಣ್ಣು ಜಾರುತ್ತಿತ್ತು, ಮನಸ್ಸು ಫೋನಿನ ಕಡೆ ಎಳೆಯುತ್ತಿತ್ತು. ದೇವನೂರರ 'ಕುಸುಮಬಾಲೆ' ನಂಜನಗೂಡು ಸೀಮೆಯ ಮಾತಿನಲ್ಲಿದೆ. ಧಾರವಾಡದ ನನಗೆ ಕಣ್ಣಿನಲ್ಲಿ ಓದಿದರೆ ಹಿಡಿತಕ್ಕೆ ಸಿಗಲಿಲ್ಲ. ಗಟ್ಟಿಯಾಗಿ ಓದಿದೆ, ಕಿವಿಗೆ ಬಿತ್ತು, ತಿಳಿಯಿತು. ಆಮೇಲೆ ಒಬ್ಬ ಎಂ.ಎ. ಹುಡುಗಿ "ಇದು ತಿಳಿಯೂದಿಲ್ರೀ ಕಾಕಾ" ಎಂದಾಗ, "ಬಾಯಿಬಿಟ್ಟು ಓದವಾ" ಎಂದು ಹೇಳಲು ಬಂತು. ಅವಳು ಮರುವಾರ ಗೆಳತಿಯನ್ನೂ ಕರೆತಂದಳು.

2020ರಲ್ಲಿ ಶಾಲೆಗಳು ಮುಚ್ಚಿ ಗೈಡಿನ ವ್ಯಾಪಾರ ನೆಲ ಕಚ್ಚಿತು. ಗಟ್ಟಿ ದಂಧೆ ಎಂದು ನಾನು ನಂಬಿದ್ದು ಅದನ್ನೇ. ಆ ದಿನಗಳಲ್ಲಿ ಫೋನು ಮಾಡಿ "ಓದಾಕ ಏನರ ಕೊಡ್ರಿ" ಎಂದು ಕೇಳಿದವರು ಅಂಗಡಿಯನ್ನು ಉಳಿಸಿದರು. ಈಗಲೂ ಲಾಭ ದೊಡ್ಡದಲ್ಲ.

ಹೊಸ ವಹಿಯ ಬಲಗಡೆ ತುಂಬುತ್ತಿದೆ. ಓದದ ಪುಸ್ತಕವನ್ನು ಯಾರಾದರೂ ಕೇಳಿದರೆ "ಓದಿಲ್ರಿ" ಎನ್ನುತ್ತೇನೆ. ಮಾಸ್ತರರು ಮತ್ತೆ ಬಂದಿಲ್ಲ. ಅವರ ಹೆಸರನ್ನೂ ನಾನು ಅಂದು ಕೇಳಿರಲಿಲ್ಲ.

ನಿಮ್ಮ ಊರಲ್ಲಿ ಪುಸ್ತಕದಂಗಡಿ ಉಳಿದಿದ್ದರೆ, ಹೋದಾಗ ಅಂಗಡಿಯವರನ್ನು ದಯವಿಟ್ಟು ಕೇಳಿ, "ಇದನ್ನು ನೀವು ಓದಿದ್ದೀರಾ?" ಎಂದು. ಅವರು ಇಲ್ಲ ಎಂದರೆ, ನೀವು ಓದಿದ್ದರೆ, ಐದು ನಿಮಿಷ ನಿಂತು ಅದರ ಬಗ್ಗೆ ಹೇಳಿ ಹೋಗಿ.