ಗೊತ್ತಿಲ್ಲದವನ ಗುರುತು

ರಾತ್ರಿ ಪಾಳಿಯವನಿಗೆ ಮೊದಲ ಸುಖ ಡೊಂಬಿವಲಿ ಸ್ಟೇಷನ್ನಿನಲ್ಲೇ ಸಿಗುತ್ತದೆ. ಸಂಜೆ ಮುಂಬಯಿ ಕಡೆಯಿಂದ ಬಂದ ಗಾಡಿಗಳು ಜನರನ್ನು ಸುರಿಯುತ್ತಿರುವಾಗ ಎದುರು ದಿಕ್ಕಿಗೆ ಹೊರಟ ನನಗೆ ಕಿಟಕಿ ಪಕ್ಕದ ಸೀಟು. ಠಾಣೆಯಲ್ಲಿಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹತ್ತಿ, ದಿಘಾ ದಾಟಿದರೆ ಐರೋಲಿ. ಒಂದು ಕಾಲಕ್ಕೆ ಬರೀ ಕೆಮಿಕಲ್ ವಾಸನೆ ಹೊಡೆಯುತ್ತಿದ್ದ ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಈಗ ಐರೋಲಿ, ರಬಾಳೆ, ಮಹಾಪೆಗಳಲ್ಲಿ ಕಿಟಕಿಯೇ ಇಲ್ಲದ ಡೇಟಾ ಸೆಂಟರುಗಳು ಎದ್ದಿವೆ. ಅಲ್ಲಿಯೇ ಒಂದು ಕಟ್ಟಡದಲ್ಲಿ ನನ್ನ ಎರಡನೆಯ ಸುಖ ಕಾದಿರುತ್ತದೆ. ಬೇರೆಯವರ ಜಾಲದೊಳಗೆ ಹೋಗಿಬರುವ ಪ್ಯಾಕೆಟ್‌ಗಳನ್ನು ನೋಡುತ್ತ ಕೂತು, ಯಾರು ಕೆಲಸಕ್ಕೆ ಬಂದರು, ಯಾರು ಹೊಂಚು ನೋಡಲು ಬಂದರು ಎಂದು ಹೇಳುವುದು. ಸಂಘವೊಂದರ ಕಾರ್ಯಕ್ರಮದಲ್ಲಿ ಇದನ್ನು ಹಿರಿಯರೊಬ್ಬರಿಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಅಂದ್ರೆ ವಾಚ್‌ಮನ್ ಕೆಲ್ಸ ಅನ್ನಿ ಮಾರಾಯ್ರೆ" ಅಂದರು. ಇಲ್ಲ ಅನ್ನುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ.

ಕೆಲಸದ ಮೂಲ ಸರಳ. ಒಂದು ಯಂತ್ರ ಇನ್ನೊಂದರೊಡನೆ ಮಾತಾಡಬೇಕಾದರೆ ಮೊದಲು 'ಸಿನ್' ಎಂಬ ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಆ ಕಡೆಯ ಪೋರ್ಟ್, ಅಂದರೆ ಸಂಖ್ಯೆ ಹೊತ್ತ ಬಾಗಿಲು, ತೆರೆದಿದ್ದರೆ 'ಸಿನ್-ಆ್ಯಕ್' ಬರುತ್ತದೆ, ಕೇಳಿದ ಯಂತ್ರ 'ಆ್ಯಕ್' ಅನ್ನುತ್ತದೆ, ಮಾತು ಶುರು. ಮುಚ್ಚಿದ್ದರೆ 'ರೀಸೆಟ್'. ಫೈರ್‌ವಾಲ್ ನುಂಗಿಕೊಂಡರೆ ಮೌನ. ಒಂದೊಂದು ಯಂತ್ರಕ್ಕೂ ಹೀಗೆ 65,535 ಪೋರ್ಟ್‌ಗಳು. ಒಂದೇ ಯಂತ್ರದ ಪೋರ್ಟ್‌ಗಳನ್ನು ಸಾಲಾಗಿ ಕೇಳುತ್ತ ಹೋಗುವವನು ಒಂದು ಜಾತಿ. ಒಂದೇ ಪೋರ್ಟನ್ನು ಸಾವಿರ ಯಂತ್ರಗಳಲ್ಲಿ ಕೇಳುವವನು ಇನ್ನೊಂದು ಜಾತಿ. ಮೊದಲನೆಯವನಿಗೆ ನೀವು ಬೇಕು. ಎರಡನೆಯವನಿಗೆ ಯಾರಾದರೂ ಆದೀತು.

ಹೀಗೆ ಕೇಳುತ್ತ ಹೋಗುವುದಕ್ಕೆ ಸ್ಕ್ಯಾನ್ ಎನ್ನುತ್ತಾರೆ. ನನಗೆ ಬಲು ಇಷ್ಟದ್ದು ಅರ್ಧಕ್ಕೇ ಬಿಡುವ ಸ್ಕ್ಯಾನ್. ಸ್ಕ್ಯಾನ್ ಮಾಡುವವನು ಸಿನ್ ಕಳಿಸುತ್ತಾನೆ, ಅತ್ತಲಿಂದ ಸಿನ್-ಆ್ಯಕ್ ಬರುತ್ತದೆ, ಇವನ ಕಡೆಯಿಂದ ಥಟ್ಟನೆ ರೀಸೆಟ್. ಈ ರೀಸೆಟ್ಟನ್ನು ಹೆಚ್ಚಾಗಿ ಸ್ಕ್ಯಾನ್ ಮಾಡುವ ತಂತ್ರಾಂಶ ಕಳಿಸಿರುವುದೇ ಇಲ್ಲ. ಅದು ಪ್ಯಾಕೆಟ್ಟನ್ನು ತಾನೇ ಹೊಸೆದು, ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸದೆ ತಂತಿಗೆ ಬಿಟ್ಟಿರುತ್ತದೆ. ಉತ್ತರ ಬಂದಾಗ ಪಾಪ ಆಪರೇಟಿಂಗ್ ಸಿಸ್ಟಮ್ 'ನಾನು ಯಾರನ್ನೂ ಕರೆದಿಲ್ಲವಲ್ಲ' ಎಂದು ರೀಸೆಟ್ ಹೊಡೆಯುತ್ತದೆ. ಕಳ್ಳತನದಲ್ಲಿ ಪಾಲಿಲ್ಲದ ಮನೆಯವನೇ ಕಳ್ಳನನ್ನು ಹಿಡಿದುಕೊಟ್ಟಂತೆ. ಎಷ್ಟು ಸಲ ನೋಡಿದರೂ ನನಗೆ ಇದು ಹಳತಾಗಿಲ್ಲ.

ಈ ಕಸುಬಿನ ಹಳೆಯ ಉಪಕರಣ ಎನ್‌ಮ್ಯಾಪ್. ಗೋರ್ಡನ್ ಲಿಯಾನ್ ಎಂಬಾತ ಅದನ್ನು 1997ರ ಸೆಪ್ಟೆಂಬರ್‌ನಲ್ಲಿ 'ಫ್ರ್ಯಾಕ್' ಪತ್ರಿಕೆಯಲ್ಲಿ ಇಡಿಯಾಗಿ ಅಚ್ಚು ಹಾಕಿಸಿಬಿಟ್ಟ. ಅದರ ಸಿನ್ ಪ್ಯಾಕೆಟ್ ಬಡಕಲು. ಲಿನಕ್ಸ್ ಯಂತ್ರವೊಂದು ಸಹಜವಾಗಿ ಕಳಿಸುವ ಸಿನ್ ಜೊತೆ ಟೈಮ್‌ಸ್ಟ್ಯಾಂಪ್, ವಿಂಡೋ ಸ್ಕೇಲ್ ಎಂದೆಲ್ಲ ಬಾಲಂಗೋಚಿಗಳು ಇರುತ್ತವೆ. ಎನ್‌ಮ್ಯಾಪಿನದರಲ್ಲಿ ಒಂದೇ ಒಂದು, ಜೊತೆಗೆ 1024 ಎಂಬ ವಿಂಡೋ ಅಳತೆ. ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಹೊರತಂದ ಝೀಮ್ಯಾಪ್ ಇಡೀ ಐಪಿವಿ4 ವಿಳಾಸಲೋಕವನ್ನು ಮುಕ್ಕಾಲು ಗಂಟೆಯೊಳಗೆ ಸುತ್ತಿಬರುವ ಬಿರುಗಾಳಿ. ಆದರೆ ಅದು ತನ್ನ ಪ್ಯಾಕೆಟ್‌ಗಳ ಗುರುತಿನ ಸಂಖ್ಯೆಯ ಜಾಗದಲ್ಲಿ 54321 ಎಂದು ಬರೆದುಕೊಂಡೇ ಓಡಾಡುತ್ತಿತ್ತು. ಎಣಿಕೆ ಕಲಿಯುವ ಮಗು ಹಿಂದುಮುಂದಾಗಿ ಹೇಳಿದ ಹಾಗೆ.

ಎಲ್ಲಕ್ಕಿಂತ ಸೊಗಸು ಮಿರಾಯ್. 2016ರಲ್ಲಿ ಮನೆಮನೆಯ ಕ್ಯಾಮೆರಾ, ರೌಟರುಗಳನ್ನು ಹಿಡಿದು ದಂಡು ಕಟ್ಟಿದ ಈ ಹುಳು 23 ಮತ್ತು 2323ನೇ ಪೋರ್ಟ್‌ಗಳನ್ನು ಕೇಳುತ್ತ ಅಲೆಯುತ್ತಿತ್ತು. ಪ್ರತಿ ಸಿನ್ ಜೊತೆ ಯಾದೃಚ್ಛಿಕವಾದ ಒಂದು ಅನುಕ್ರಮ ಸಂಖ್ಯೆ ಇರಬೇಕು. ಮಿರಾಯ್ ಬರೆದವರು ಆ ಜಾಗಕ್ಕೆ ತಾವು ಕೇಳುತ್ತಿರುವ ಯಂತ್ರದ ವಿಳಾಸವನ್ನೇ ತುಂಬಿದರು. ಪುಸ್ತಕಗಳಲ್ಲಿ ಉದಾಹರಣೆಗೆಂದೇ ಮೀಸಲಾದ 203.0.113.7 ಎಂಬ ವಿಳಾಸಕ್ಕೆ ಅದು ಬಂದರೆ ಅನುಕ್ರಮ ಸಂಖ್ಯೆ 3405803783 ಇರುತ್ತದೆ, ಅಂದರೆ ಅದೇ ವಿಳಾಸದ ದಶಮಾನ ರೂಪ. ಪ್ಯಾಕೆಟ್ ಬಿಡಿಸಿ ತೋರಿಸುವ ತಂತ್ರಾಂಶ ವೈರ್‌ಶಾರ್ಕ್ ಮಾತ್ರ ಓದುವವರ ಅನುಕೂಲಕ್ಕೆಂದು ಈ ಸಂಖ್ಯೆಯನ್ನು ಸೊನ್ನೆಯಿಂದ ಶುರುಮಾಡಿ ತೋರಿಸುತ್ತದೆ. ಆ ಉಪಕಾರವನ್ನು ನಿರಾಕರಿಸಿ ಮೂಲ ಸಂಖ್ಯೆಯನ್ನು ಬಿಡಿಸಿ ನೋಡಬೇಕು. ಹೊಸದಾಗಿ ಸೇರಿದವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ನೋಡಿದಾಗ ಕಣ್ಣರಳಿಸದವರನ್ನು ಬಿಲ್ಲಿಂಗ್ ವಿಭಾಗಕ್ಕೆ ಕಳಿಸಬಹುದು ಎಂಬುದು ನನ್ನ ಖಾಸಗಿ ಅಭಿಪ್ರಾಯ.

ಇಂಥ ಚಹರೆಗಳನ್ನು ಯಾರು ಬೇಕಾದರೂ ಅಳಿಸಿಕೊಳ್ಳಬಹುದು, ಎರಡು ಸಾಲು ಕೋಡ್ ತಿದ್ದಿದರೆ ಮುಗಿಯಿತು. ಅಳಿಸಲಾಗದ್ದು ಬೇರೆ ಇದೆ. ಜಾಲಕ್ಕೆ ಸೇರಿದವನಿಗೆ ಎಲ್ಲಿ ಏನಿದೆ ಗೊತ್ತು, ಹೊಂಚುವವನಿಗೆ ಗೊತ್ತಿಲ್ಲ. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್‌ಗೆ ನಿಂತ ಹಳಬ ಇಂಡಿಕೇಟರ್ ನೋಡುವುದಿಲ್ಲ, ಬಾಗಿಲು ಬಂದು ನಿಲ್ಲುವ ಜಾಗದಲ್ಲೇ ಅವನ ಚಪ್ಪಲಿ ಊರಿರುತ್ತದೆ. ಹೊಸಬ ಎಷ್ಟೇ ಠೀವಿಯಿಂದ ನಿಂತರೂ ಗಾಡಿ ಬಂದ ಕೂಡಲೇ ಎರಡು ಹೆಜ್ಜೆ ಅತ್ತಿತ್ತ ಓಡಿ ಸಿಕ್ಕಿಬೀಳುತ್ತಾನೆ. ಲಾಗ್‌ನಲ್ಲೂ ಅಷ್ಟೆ. ನಾವು ಬಳಸುವ ಝೀಕ್ ಎಂಬ ತಂತ್ರಾಂಶ ಪ್ರತಿ ಸಂಪರ್ಕಕ್ಕೂ ಒಂದು ಷರಾ ಬರೆಯುತ್ತದೆ. ಕೂಗಿದ್ದಕ್ಕೆ ಉತ್ತರವೇ ಇಲ್ಲದಿದ್ದರೆ ಎಸ್-ಸೊನ್ನೆ, ಬೇಡ ಅನ್ನಿಸಿಕೊಂಡರೆ ರೆಜ್. ಒಂದು ವಿಳಾಸದ ಮುಂದೆ ಈ ಎರಡೇ ಷರಾ ಸಾಲುಗಟ್ಟಿದರೆ, ಅವನ ಪ್ಯಾಕೆಟ್ ಎಷ್ಟೇ ಶುಭ್ರವಾಗಿರಲಿ, ಅವನು ಇಲ್ಲಿಯವನಲ್ಲ.

ಈ ಒಳನೋಟಕ್ಕೆ ಗಣಿತದ ಬಲ ಕೊಟ್ಟದ್ದು ಜೇಯಾನ್ ಜಂಗ್, ಝೀಕ್‌ನ ಜನಕ ವರ್ನ್ ಪ್ಯಾಕ್ಸನ್ ಮತ್ತು ಸಂಗಡಿಗರ 2004ರ ಪ್ರಬಂಧ. ಸೋಲು-ಗೆಲುವುಗಳನ್ನು ಒಂದೊಂದಾಗಿ ತೂಗುತ್ತ ಹೋದರೆ ನಾಲ್ಕೈದು ಪ್ರಯತ್ನಗಳಲ್ಲೇ ಸ್ಕ್ಯಾನರನ್ನು ಗುರುತಿಸಬಹುದು ಎಂದು ಅವರು ತೋರಿಸಿದರು. ತೂಕದ ವಿಧಾನ ಅವರದಲ್ಲ, ಅಬ್ರಹಾಂ ವಾಲ್ಡ್ ಎರಡನೇ ಮಹಾಯುದ್ಧದ ಕಾಲದಲ್ಲಿ ರೂಪಿಸಿದ್ದು. ಇಡೀ ರಾಶಿ ಪರೀಕ್ಷಿಸುವ ತನಕ ಕಾಯಬೇಡ, ಸಾಕಷ್ಟು ಖಾತ್ರಿಯಾದ ಕ್ಷಣವೇ ತೀರ್ಪು ಕೊಡು ಎನ್ನುವ ಲೆಕ್ಕ ಅದು. ವಾಲ್ಡ್ ಭಾರತಕ್ಕೆ ಉಪನ್ಯಾಸ ಕೊಡಲು ಬಂದಿದ್ದಾಗ, 1950ರ ಡಿಸೆಂಬರ್‌ನಲ್ಲಿ, ಅವರೂ ಅವರ ಹೆಂಡತಿಯೂ ಇದ್ದ ವಿಮಾನ ನೀಲಗಿರಿಯಲ್ಲಿ ಬಿದ್ದು ಇಬ್ಬರೂ ತೀರಿಕೊಂಡರು. ಮೈಸೂರಿನಿಂದ ಊಟಿಗೆ ಹೋಗುವ ನಮ್ಮವರಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತೋ.

ಲೆಕ್ಕ ತಿಳಿದ ಕಳ್ಳನೂ ಇದ್ದಾನೆ. ಅವನ ಉಪಾಯ ನಿಧಾನ. ಎನ್‌ಮ್ಯಾಪ್‌ನಲ್ಲೇ ಒಂದು ಗತಿ ಇದೆ, ಎರಡು ಪ್ರಶ್ನೆಗಳ ನಡುವೆ ಐದು ನಿಮಿಷ ಬಿಡುವಂಥದು. ಅದು ವಾಡಿಕೆಯಂತೆ ಕೇಳುವ 1000 ಪೋರ್ಟ್ ಮುಗಿಯಲು ಮೂರೂವರೆ ದಿನ ಬೇಕು. ಒಂದು ಪಾಳಿಯವನ ಕಣ್ಣಿಗೆ ಅದು ಕಾಣುವುದೇ ಇಲ್ಲ. ಹಳೆಯ ಲಾಗ್‌ಗಳನ್ನು ಹರವಿಕೊಂಡು ಕೂತವನಿಗೆ ಕಾಣುತ್ತದೆ. ನಮ್ಮ ಸರಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಲ್ಲಿ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಎಂದಿದೆ. ಆರು ಗಂಟೆಯೊಳಗೆ ವರದಿ ಮಾಡಬೇಕಾದ ಘಟನೆಗಳ ಪಟ್ಟಿಯಲ್ಲಿ ಮೊದಲ ಹೆಸರೇ ಮಹತ್ವದ ಜಾಲಗಳ ಮೇಲಿನ ಗುರಿಯಿಟ್ಟ ಸ್ಕ್ಯಾನಿಂಗ್. ಕಳ್ಳ ಬರುವ ಮೊದಲಿನ ಓಡಾಟವನ್ನೂ ಘಟನೆ ಎಂದು ಒಪ್ಪಿಕೊಂಡ ಆ ಒಂದು ಸಾಲಿಗಾಗಿ ಆದೇಶದ ಉಳಿದ ಕಿರಿಕಿರಿಯನ್ನೆಲ್ಲ ನಾನು ಕ್ಷಮಿಸಿದ್ದೇನೆ.

ಹೊರಗಿನ ಗದ್ದಲಕ್ಕಿಂತ ನನ್ನ ಕಿವಿ ನಿಮಿರುವುದು ಒಳಗಿನ ಪಿಸುಮಾತಿಗೆ. ಪ್ರಿಂಟರ್ ಒಂದು ಇದ್ದಕ್ಕಿದ್ದಂತೆ ತನ್ನ ಓಣಿಯ ವಿಳಾಸಗಳನ್ನೆಲ್ಲ ಒಂದರಿಂದ 254ರವರೆಗೆ ಕ್ರಮವಾಗಿ ವಿಚಾರಿಸತೊಡಗಿದರೆ, ಅದು ಮುದ್ರಣದ ಕೆಲಸವಲ್ಲ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಹುಳು ಹರಡಿದ್ದು ಹೀಗೆಯೇ, ಒಳಗೆ ಕಾಲಿಟ್ಟ ಮೇಲೆ ಅಕ್ಕಪಕ್ಕದ ಯಂತ್ರಗಳಲ್ಲಿ 445 ಮತ್ತು 139ನೇ ಪೋರ್ಟ್ ತೆರೆದಿದೆಯೇ ಎಂದು ಹುಡುಕುತ್ತ. ಅದು ಮೇರ್ಸ್ಕ್ ಹಡಗು ಕಂಪನಿಯ ಜಾಲವನ್ನು ಹೊಕ್ಕು, ನವಿ ಮುಂಬಯಿಯ ಜೆಎನ್‌ಪಿಟಿ ಬಂದರಿನಲ್ಲಿ ಆ ಗುಂಪು ನಡೆಸುವ ಟರ್ಮಿನಲ್‌ನ ಕೆಲಸವನ್ನೂ ನಿಲ್ಲಿಸಿತು. ಯುಕ್ರೇನಿಗೆ ಗುರಿಯಿಟ್ಟದ್ದು ಆ ಬಂದರು ಇರುವ ನ್ಹಾವಾ ಶೇವಾದಲ್ಲಿ ಕಂಟೇನರ್ ಲಾರಿಗಳ ಸಾಲು ನಿಲ್ಲಿಸಿತು.

ಪ್ಯಾಕೆಟ್ ಓದಿನ ಎಲ್ಲೆಯೂ ನಮ್ಮ ಠಾಣೆ-ಬೇಲಾಪುರ ರಸ್ತೆಯಲ್ಲೇ ಇದೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಕರೆಂಟು ಹೋಗಿ ಲೋಕಲ್‌ಗಳು ನಿಂತಲ್ಲೇ ನಿಂತವು. ರಾಜ್ಯದ ವಿದ್ಯುತ್ ಹರಿವನ್ನು ನಿಯಂತ್ರಿಸುವ ಕೇಂದ್ರ ಇರುವುದು ಐರೋಲಿಯಲ್ಲೇ. ಮರುವರ್ಷ ಫೆಬ್ರವರಿ ಕೊನೆಗೆ ರೆಕಾರ್ಡೆಡ್ ಫ್ಯೂಚರ್ ಎಂಬ ಅಮೆರಿಕನ್ ಸಂಸ್ಥೆ, ಭಾರತದ ವಿದ್ಯುತ್ ವಲಯದ ಜಾಲಗಳಿಗೂ ಚೀನಾದ ನಂಟಿನ ಗುಂಪೊಂದರ ಸರ್ವರ್‌ಗಳಿಗೂ ನಡುವೆ ಸಂಚಾರ ಕಂಡಿದ್ದೇವೆ ಎಂದು ವರದಿ ಮಾಡಿತು. ರಾಜ್ಯದ ಗೃಹಮಂತ್ರಿಗಳು ಸೈಬರ್ ದಾಳಿಯ ಶಂಕೆ ಎಂದರು, ಕೇಂದ್ರದ ಇಂಧನ ಮಂತ್ರಿಗಳು ಮನುಷ್ಯರ ತಪ್ಪು ಎಂದರು. ಕ್ಯಾಂಟೀನಿನಲ್ಲಿ ಎರಡೂ ಪಕ್ಷಕ್ಕೆ ವಕೀಲರಿದ್ದರು. ನನ್ನ ಮಟ್ಟಿಗೆ, ಯಾರು ಯಾರೊಡನೆ ಮಾತಾಡಿದರು ಎಂದು ಸಂಚಾರ ಹೇಳುತ್ತದೆ. ದೀಪ ಆರಿಸಿದವರು ಯಾರು ಎಂದು ಹೇಳುವುದಿಲ್ಲ. ಇನ್ನೂ ಒಂದು ತೊಡಕು. ನಿಜವಾದ ಚತುರ ನಮ್ಮನ್ನು ಕೇಳುವುದೇ ಇಲ್ಲ. 2009ರಿಂದ ಲೋಕದ ಪೋರ್ಟ್‌ಗಳನ್ನೆಲ್ಲ ಪಟ್ಟಿ ಮಾಡುತ್ತ ಬಂದಿರುವ ಶೋಡಾನ್‌ನಂಥ ಕಡೆ ಹೋಗಿ ನಮ್ಮ ಬಗ್ಗೆ ಓದಿಕೊಂಡು ಬರುತ್ತಾನೆ. ಆ ಓದು ನನ್ನ ಪರದೆಗೆ ಬೀಳುವುದಿಲ್ಲ.

ಪರದೆಗೆ ಬೀಳುವವರಲ್ಲೂ ರಸಿಕರಿದ್ದಾರೆ. ಈ ಮಳೆಗಾಲದಲ್ಲಿ ಎರಡು ವಿಳಾಸಗಳು ಒಂದೇ ಸರ್ವರನ್ನು ಬಲು ತಾಳ್ಮೆಯಿಂದ ಕೇಳುತ್ತಿದ್ದವು. ಕಲ್ಯಾಣದಿಂದ ಬರುವ ನನ್ನ ಕಿರಿಯ ಸಹೋದ್ಯೋಗಿಯ ವಾದ, "ಸರ್, ಇಬ್ಬರಿಗೂ ಸಂಬಂಧವಿಲ್ಲ, ಬೇರೆ ಬೇರೆ ದೇಶ." ನಾನು ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟೆ. ಒಬ್ಬ ಕೇಳಿದ ಪೋರ್ಟನ್ನು ಇನ್ನೊಬ್ಬ ಒಮ್ಮೆಯೂ ಕೇಳಿರಲಿಲ್ಲ. ಅಪರಿಚಿತರಾದರೆ ಒಂದಾದರೂ ಪ್ರಶ್ನೆ ಎರಡು ಸಲ ಬರಬೇಡವೇ? ಒಂದೇ ಕೈ, ಎರಡು ಮುಖವಾಡ ಎಂದೆ. ವಡಾಪಾವ್ ಪಂಥವಾಯಿತು. ಬೆಳಗಿನ ಜಾವ ಬೇರೊಂದು ಖಂಡದ ಮೂರನೆಯ ವಿಳಾಸವೊಂದು ಬಂದು, ಇಬ್ಬರೂ ಬಿಟ್ಟಿದ್ದ ಪೋರ್ಟ್‌ಗಳನ್ನಷ್ಟೇ ಕೇಳತೊಡಗಿತು. ಒಂದೇ ಕೈ ಎಂಬುದು ನಿಜವಾಯಿತು, ಎರಡೇ ಮುಖವಾಡ ಎಂಬುದು ಸುಳ್ಳಾಯಿತು. ಹುಡುಗ ಈ ಎರಡನೆಯದನ್ನು ಬಿಗಿಯಾಗಿ ಹಿಡಿದುಕೊಂಡ. ಐರೋಲಿ ಸ್ಟೇಷನ್ ಹೊರಗಿನ ವಡಾಪಾವ್ ಗಾಡಿಯವನಿಗೆ ಅರ್ಧರ್ಧ ದುಡ್ಡು ಕೊಟ್ಟೆವು.