ನಲವತ್ತೈದು ಮೀಟರ್ ಹಗ್ಗ

ಮೇಷ್ಟ್ರುಗಳ ತರಬೇತಿ ಅಂದ್ರೆ ಗೊತ್ತಲ್ಲ ಗೆಳೆಯರೇ, ಒಂದು ಹಾಲ್, ಪಿಪಿಟಿ, ಎರಡು ಸಲ ಟೀ, ಕೊನೆಗೆ ಹಾಜರಾತಿ ಪತ್ರ. ಭೂಮಿ ಹುಟ್ಟಿದ ಕತೆಯನ್ನೂ ಫ್ಯಾನ್ ಕೆಳಗೆ ಕೂತೇ ಕೇಳಬೇಕು. ಈ ಸಲ ವಿಜ್ಞಾನ ಶಿಕ್ಷಕರ ಒಂದು ತಂಡ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಹೊರಟಾಗ ನಾನೂ ಬಸ್ ಹತ್ತಿದೆ.

ಅಲ್ಲಿರೋದು ದಿಂಬು ಲಾವಾ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ್ದು. ತಣ್ಣೀರು ತಾಗಿದ ತಕ್ಷಣ ಹೊರಗಿನ ಸಿಪ್ಪೆ ಗಟ್ಟಿಯಾಗುತ್ತೆ, ಒಳಗಿನ ಬಿಸಿ ರಸ ಅದನ್ನ ಸೀಳಿಕೊಂಡು ಬಂದು ಇನ್ನೊಂದು ದಿಂಬಾಗುತ್ತೆ. ಹೀಗೇ ಒಂದರ ಮೇಲೊಂದು. ಬೋರ್‌ವೆಲ್ ಕೊರೆಸಿ ಕೊರೆಸಿ ಸೋತಿರೋ ಈ ನೆಲ ಒಂದು ಕಾಲಕ್ಕೆ ನೀರಿನಡಿ ಇತ್ತು! ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು, ಸುತ್ತಿಗೆ ಮುಟ್ಟೋ ಹಾಗಿಲ್ಲ. ಕಣ್ಣು, ಕೈ ಎರಡೇ.

ಈ ಬಂಡೆಯಲ್ಲಿ ಮೇಲು ಯಾವುದು, ಕೆಳಗು ಯಾವುದು ಅಂತ ಕೇಳಿದ್ರು ಜೊತೆಗಿದ್ದ ಭೂವಿಜ್ಞಾನಿ. ಎಂಎಸ್ಸಿ ಮಾಡಿದೋರೆಲ್ಲ ಸುಮ್ಮನಾದ್ರು. ಕಲ್ಲು ಒಡೆಯೋ ಮನೆಯಿಂದ ಬಂದ ಒಬ್ಬ ಮೇಡಂ ಬಂಡೆ ಸವರಿ ಹೇಳಿದ್ರು: "ಮೇಲುಗಡೆ ಗುಂಡಗಿದೆ ಸಾರ್, ಕೆಳಗಡೆ ಚೂಪಾಗಿ ಸಂದಿಗೆ ಇಳಿದಿದೆ. ಬಿಸಿ ಮುದ್ದೆ ಮೇಲೆ ಮುದ್ದೆ ಇಟ್ಟಂಗೆ." ಅದೇ ಸರಿಯುತ್ತರ. ಭೂವಿಜ್ಞಾನಿಗಳೂ ಹಾಗೇ ಪತ್ತೆ ಹಚ್ಚೋದಂತೆ. ಹಾಲ್‌ನಲ್ಲಿ ನಡೆದ ತರಬೇತಿಗಳಲ್ಲಿ ಆ ಮೇಡಂ ಬಾಯಿ ಬಿಟ್ಟಿದ್ದನ್ನ ಯಾರೂ ಕೇಳಿರಲಿಲ್ಲ.

ಆಮೇಲೆ ಹಗ್ಗ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಒಂದು ಮೀಟರಿಗೆ 10 ಕೋಟಿ ವರ್ಷ ಅಂತ ಲೆಕ್ಕ ಹಿಡಿದು 45 ಮೀಟರ್ ಹಗ್ಗ ಬಿಸಿಲಲ್ಲಿ ಎಳೆದು ಹಿಡಿದ್ರು. ಇವತ್ತಿನ ತುದಿಯಿಂದ 25 ಮೀಟರ್ ಹಿಂದೆ ನಮ್ಮ ಬಂಡೆ. ಡೈನೋಸಾರ್ ಅಳಿದದ್ದು 66 ಸೆಂಟಿಮೀಟರಿನಲ್ಲಿ. ಮನುಷ್ಯ ಬಂದು ಸುಮಾರು 3 ಲಕ್ಷ ವರ್ಷ, ಅಂದ್ರೆ 3 ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟೂ ಇಲ್ಲ.

"ಜಾತಿ ಎಲ್ಲಿ ಬರುತ್ತೆ?" ಅಂತ ಕೇಳಿದೆ.

ಗಣಿತದ ಮೇಷ್ಟ್ರೊಬ್ಬರು ಮೊಬೈಲ್ ತೆಗೆದ್ರು. 3,000 ವರ್ಷ ಅಂತ ಉದಾರವಾಗೇ ಹಿಡಿದ್ರೂ 0.03 ಮಿಲಿಮೀಟರ್. ತಲೆಕೂದಲಿಗಿಂತ ಸಣ್ಣ. ಅನಾದಿ ಕಾಲದಿಂದ ಬಂದದ್ದು ಅಂತಾರಲ್ಲ, ಅದು! ಒಂದಿಬ್ಬರು ನಕ್ಕರು. ಹಿರಿಯರೊಬ್ಬರಿಗೆ ಇರುಸುಮುರುಸಾಯ್ತು, "ಇದೆಲ್ಲ ಸಿಲಬಸ್‌ನಲ್ಲಿ ಇಲ್ಲ" ಅಂದ್ರು. ಹಗ್ಗದ ತುದಿ ಮಾತ್ರ ಕೈಯಿಂದ ಬಿಡಲಿಲ್ಲ, ಬಗ್ಗಿ ನೋಡ್ತಾನೇ ಇದ್ರು.

ಹಗ್ಗವನ್ನ ಆ ಮೇಡಂ ಸುತ್ತಿಕೊಂಡು ಹೋದ್ರು. ಅವರ ಶಾಲೆಗೆ ಬರೋರಲ್ಲಿ ಹೆಚ್ಚಿನವರು ಕ್ವಾರಿ ಕೂಲಿಗಳ ಮಕ್ಕಳು. ಶಾಲೆ ಅಂಗಳ ಸಾಲದೆ ರಸ್ತೆಯಲ್ಲೇ ಎಳೆದ್ರಂತೆ. ಸಂಜೆ ಒಬ್ಬ ಹುಡುಗ ಅಪ್ಪನನ್ನ ಕರ್ಕೊಂಡು ಬಂದು, "ಇವನು ಒಡೆಯೋ ಕಲ್ಲು ಎಷ್ಟನೇ ಮೀಟರಿನದು?" ಅಂತ ಕೇಳಿದನಂತೆ.

ಮುಂದಿನ ತರಬೇತಿ ಮತ್ತೆ ಹಾಲ್‌ನಲ್ಲೇ ಅಂತೆ, ಬಸ್ಸಿಗೆ ದುಡ್ಡಿಲ್ಲ ಅಂತ. ಬಸ್ ಖರ್ಚು ಕೇಳಿ ಮನವಿ ಬರೀತಿದ್ದೀವಿ. ಸಹಿ ಹಾಕೋ ಶಿಕ್ಷಕರು ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.